ಬಳಗ ಸೇರಿದ ಮರಿ

ನಮ್ಮ ಕವಿಗಳು ಹಂಸಕ್ಕೆ ಸಲ್ಲಿಸಿದ ಗೌರವದಲ್ಲಿ ನೂರರಲ್ಲಿ ಒಂದು ಪಾಲನ್ನೂ ಬಾತಿಗೆ ಸಲ್ಲಿಸಿಲ್ಲ. ಹಾಲಿನಿಂದ ನೀರನ್ನು ಬೇರ್ಪಡಿಸುವ ವಿವೇಕ ಹಂಸದ್ದು. ಸರಸ್ವತಿಗೆ ವಾಹನವಾಗುವ ಭಾಗ್ಯ ಹಂಸದ್ದು. ಚೆಲುವೆಯ ನಡಿಗೆಗೆ ಉಪಮಾನವಾಗುವ ಪುಣ್ಯವೂ ಹಂಸದ್ದೇ. ಬಾತಿನ ಪಾಲಿಗೆ ಬಂದದ್ದು ಅಣಕ ಮಾತ್ರ. ಅತ್ತಿತ್ತ ತೂಗಾಡುತ್ತ ನಡೆಯುವವರನ್ನು ಕಂಡಾಗಲಷ್ಟೇ ನಮಗೆ ಅದರ ನೆನಪಾಗುತ್ತದೆ. ಹೆಸರಿಡುವಾಗಲೂ ಅದಕ್ಕೆ ನ್ಯಾಯ ದೊರೆತಿಲ್ಲ. ಕೋಳಿಯ ಕುಲಕ್ಕೆ ಸೇರದ ಪಕ್ಷಿಯನ್ನು ನಾವು ಬಾತುಕೋಳಿ ಎಂದು ಕರೆದು ಇನ್ನೊಬ್ಬರ ಮನೆತನಕ್ಕೆ ಸೇರಿಸಿಬಿಟ್ಟಿದ್ದೇವೆ. ಆದರೆ ಕವಿಗಳು ಕೊಂಡಾಡಿದ ಹಂಸವೆಂದರೆ ಪಟ್ಟೆತಲೆಯ ಹೆಬ್ಬಾತೇ ಇರಬೇಕೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಹಿಮಾಲಯವನ್ನು ದಾಟಿ ಬರುವ ಆ ಹಕ್ಕಿಗಳು ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಬೀಡುಬಿಡುವುದನ್ನು ಮೈಸೂರಿನವರು ಬಲ್ಲರು. ಹೆಬ್ಬಾತೂ ಬಾತೂ ಒಂದೇ ಕುಟುಂಬದವು. ಹಾಗೆ ನೋಡಿದರೆ ಅಂಗಳದ ಬಾತು ದೇವಲೋಕದ ಹಂಸಕ್ಕೆ ಬಡ ನೆಂಟ.

ಈ ಬಡ ನೆಂಟನ ಪರಿಚಯ ನನಗೆ ಆದದ್ದು 2022ರ ಆಷಾಢ ಮಾಸದಲ್ಲಿ. ನಮ್ಮ ಮನೆ ಇರುವುದು ಮೈಸೂರಿನ ಲಕ್ಷ್ಮೀಪುರಂನಲ್ಲಿ. ಹೆಂಚಿನ ಹಳೆಯ ಮನೆಗಳು ಒಂದೊಂದಾಗಿ ಮರೆಯಾಗಿ ಮಹಡಿಯ ಮನೆಗಳು ಎದ್ದಿದ್ದರೂ ತೆಂಗು, ನುಗ್ಗೆ, ದಾಸವಾಳಗಳು ಇನ್ನೂ ಪೂರ್ತಿಯಾಗಿ ಊರು ಬಿಟ್ಟುಹೋಗಿರದ ಬಡಾವಣೆ ಅದು. ಆಷಾಢದ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಜನ ಹೊಳೆಯಾಗಿ ಹರಿಯುತ್ತಾರೆ. ಆ ಜನವನ್ನು ನಂಬಿಕೊಂಡು ಪೀಪಿ, ಬಲೂನು, ಬಣ್ಣ ಹಚ್ಚಿದ ಕೋಳಿಮರಿಗಳನ್ನು ಮಾರುವವರೂ ಊರಿಗೆ ಬರುತ್ತಾರೆ. ಅಂತಹ ಒಂದು ಶುಕ್ರವಾರದ ಸಂಜೆ ಸಣ್ಣಗೆ ಮಳೆ ಹನಿಯುತ್ತಿರುವಾಗ ನಮ್ಮ ಬೀದಿಯ ಚರಂಡಿಯಿಂದ ಎಡೆಬಿಡದೆ ಒಂದು ಕೂಗು ಕೇಳಿಸಿತು. ಪಕ್ಕದ ಮನೆಯ ಹುಡುಗಿ ಚರಂಡಿಯ ಕಲ್ಲಿನ ಮೇಲೆ ಬೋರಲಾಗಿ ಮಲಗಿ, ತೋಳನ್ನು ಒಳಕ್ಕೆ ಚಾಚಿ, ಅಂಗೈಯಗಲದ ಒಂದು ಜೀವವನ್ನು ಹೊರಗೆಳೆದಳು. ಅದು ಬಾತಿನ ಮರಿ. ಯಾರೋ ಅದಕ್ಕೆ ಗುಲಾಬಿ ಬಣ್ಣ ಬಳಿದಿದ್ದರು. ಮಾರುವವನ ಬುಟ್ಟಿಯಿಂದ ಜಾರಿತ್ತೋ, ಕೊಂಡ ಮಗುವಿನ ಕೈಯಿಂದ ಬಿದ್ದಿತ್ತೋ ತಿಳಿಯದು. ಕೆಸರು, ಬಣ್ಣ, ನಡುಕ ಇವಿಷ್ಟೇ ಅದರ ಆಸ್ತಿಯಾಗಿದ್ದವು.

ಆ ಹುಡುಗಿಯ ವಿಷಯವಾಗಿ ಇಲ್ಲಿ ಒಂದು ಮಾತು ಹೇಳಬೇಕು. ತಂದೆಗೆ ವರ್ಗವಾದ ಕಾರಣ ಅವಳು ಆ ಜೂನ್ ತಿಂಗಳಲ್ಲಷ್ಟೇ ಬೇರೆ ಊರಿನಿಂದ ಬಂದು ಹೊಸ ಶಾಲೆಗೆ ಸೇರಿದ್ದಳು. ಮಾತು ಕಡಿಮೆ. ಸಂಜೆ ಶಾಲೆಯಿಂದ ಬಂದವಳು ಜಗುಲಿಯ ಮೇಲೆ ಒಬ್ಬಳೇ ಕುಳಿತು ಬೀದಿಯನ್ನು ನೋಡುತ್ತಿದ್ದಳು. ಮರಿಯನ್ನು ಲಂಗದ ಸೆರಗಿನಲ್ಲಿ ಸುತ್ತಿಕೊಂಡು, "ಮಾಮ, ಇದು ಬದುಕುತ್ತದೆಯೇ?" ಎಂದು ನನ್ನನ್ನು ಕೇಳಿದಾಗ, ಅವಳು ನನ್ನೊಡನೆ ಇಷ್ಟು ಉದ್ದದ ಮಾತನ್ನು ಆಡಿದ್ದು ಅದೇ ಮೊದಲು ಎಂಬುದು ನೆನಪಿಗೆ ಬಂತು.

ಮರಿಯನ್ನು ಉಳಿಸಿದ್ದು ಅವಳ ಅಜ್ಜಿಯ ತಿಳಿವಳಿಕೆ. ಅಜ್ಜಿ ಹುಟ್ಟಿ ಬೆಳೆದದ್ದು ಕಪಿಲಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ. ಅಲ್ಲಿ ಬಾತಿನ ಮೊಟ್ಟೆಗಳನ್ನು ಕಾವಿಗೆ ಕುಳಿತ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುವ ವಾಡಿಕೆ ಇತ್ತಂತೆ. ಕೋಳಿಯ ಮೊಟ್ಟೆ ಒಡೆಯಲು 21 ದಿನ ಸಾಕು. ಬಾತಿನದಕ್ಕೆ 28 ದಿನ ಬೇಕು. ಆ ಹೆಚ್ಚಿನ ಒಂದು ವಾರವನ್ನೂ ಹೇಂಟೆ ತಾಳ್ಮೆಯಿಂದ ಕುಳಿತು ಕಳೆಯುತ್ತದೆ. ಅದರ ಕಷ್ಟ ಮೊದಲಾಗುವುದು ಅನಂತರ. ತನ್ನ ಮಕ್ಕಳೆಂದು ನಂಬಿ ನಡೆಸಿಕೊಂಡು ಹೋದ ಮರಿಗಳು ಕೆರೆಯ ನೀರನ್ನು ಕಂಡೊಡನೆ ಅದರೊಳಕ್ಕೆ ಇಳಿದುಬಿಡುತ್ತವೆ. ಬಡ ತಾಯಿ ದಡದ ಮೇಲೆ ಅತ್ತಿಂದಿತ್ತ ಓಡಾಡುತ್ತ ಲಬೋ ಎಂದು ಕೂಗುತ್ತದೆ. "ಮಕ್ಕಳು ಮುಳುಗಿಹೋದುವು ಅಂತ ಅದಕ್ಕೆ ಸಂಕಟ, ಅಮ್ಮನಿಗೆ ಏನಾಯಿತು ಅಂತ ಅವಕ್ಕೆ ಆಶ್ಚರ್ಯ" ಎಂದು ಅಜ್ಜಿ ನಕ್ಕರು.

ನಗುತ್ತಲೇ ಅವರು ಕೆಲಸಕ್ಕೆ ತೊಡಗಿದರು. ಮೊದಲು ಮರಿಯನ್ನು ಒಣಬಟ್ಟೆಯಿಂದ ಒರೆಸಿ ಬೆಚ್ಚಗೆ ಮಾಡಿದರು. ಬಾತು ನೀರಿನ ಹಕ್ಕಿಯಾದರೂ ಅದರ ಎಳೆಯ ಮರಿ ನೀರಿನಲ್ಲಿ ಹೆಚ್ಚು ಹೊತ್ತು ಇರಲಾರದು. ದೊಡ್ಡ ಬಾತು ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆಯನ್ನು ತೆಗೆದು ಗರಿಗಳಿಗೆಲ್ಲ ಸವರಿಕೊಳ್ಳುತ್ತದೆ. ಆದ್ದರಿಂದಲೇ ನೀರು ಅದರ ಮೈಯನ್ನು ನೆನೆಸದೆ ಮುತ್ತಿನಂತೆ ಉರುಳಿ ಹೋಗುತ್ತದೆ. ಮರಿಯ ನವಿರಾದ ತುಪ್ಪಳಕ್ಕೆ ಆ ರಕ್ಷಣೆ ಪೂರ್ಣವಾಗಿ ಒದಗಿರುವುದಿಲ್ಲ. ತಾಯಿಯ ಗರಿಯ ಕೆಳಗೆ ನುಸುಳಿ ಅದು ಮೈಯನ್ನು ಒಣಗಿಸಿಕೊಳ್ಳುತ್ತದೆ. ತಾಯಿಯಿಲ್ಲದ ಮರಿ ನೆನೆದರೆ ಚಳಿಯಿಂದಲೇ ಸಾಯಬಹುದು.

ಒಂದು ರಟ್ಟಿನ ಪೆಟ್ಟಿಗೆ ಬಂತು. ವೃತ್ತಪತ್ರಿಕೆಯ ಮೇಲೆ ಮರಿಯ ಕಾಲು ಜಾರುತ್ತದೆಯೆಂದು ಹಳೆಯ ಟವೆಲನ್ನು ಹಾಸಿದೆವು. ಒಂದು ಮೂಲೆಗೆ ಮೇಲಿನಿಂದ ವಿದ್ಯುದ್ದೀಪವನ್ನು ಇಳಿಬಿಟ್ಟೆವು. ಮೊದಲ ವಾರದ ಮರಿಗೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖ ಬೇಕೆಂದೂ ವಾರ ಕಳೆದಂತೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕೆಂದೂ ಪಶುವೈದ್ಯರು ತಿಳಿಸಿದರು. ಬ್ರೆಡ್ಡು ಹಾಕಬಾರದು, ಹೊಟ್ಟೆ ತುಂಬಿದಂತಾದರೂ ಮೈ ಬೆಳೆಯುವುದಿಲ್ಲ. ಮರಿಗಳಿಗೆಂದೇ ತಯಾರಾದ ನುಚ್ಚು, ಸಣ್ಣಗೆ ಹೆಚ್ಚಿದ ಸೊಪ್ಪು, ಮೂಗಿನ ರಂಧ್ರಗಳು ಮುಳುಗುವಷ್ಟು ಆಳದ ನೀರಿನ ಬಟ್ಟಲು ಇವು ಅದರ ಊಟದ ಎಲೆ. ಬಾತು ಒಂದು ತುತ್ತಿಗೆ ಒಂದು ಗುಟುಕು ನೀರು ಕುಡಿಯುವ ಜಾತಿ. ನೀರಿಲ್ಲದೆ ಬಡಿಸಿದರೆ ತುತ್ತು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಭಯವುಂಟು.

ಗುಲಾಬಿ ಬಣ್ಣವನ್ನು ನೋಡಿ ಹುಡುಗಿ ಅದಕ್ಕೆ "ಕೆಂಪಿ" ಎಂದು ಹೆಸರಿಟ್ಟಳು. ಎರಡು ದಿನ ಕಳೆಯುವಷ್ಟರಲ್ಲಿ ಕೆಂಪಿ ಅವಳ ಹಿಮ್ಮಡಿಗೆ ಅಂಟಿಕೊಂಡೇ ನಡೆಯತೊಡಗಿತು. ಅವಳು ನಿಂತರೆ ಅದು ನಿಲ್ಲುತ್ತಿತ್ತು. ಓಡಿದರೆ ರೆಕ್ಕೆಯ ಮೋಟುಗಳನ್ನು ಬಡಿಯುತ್ತ ಓಡುತ್ತಿತ್ತು. ಶಾಲೆಗೆ ಹೊರಟಾಗ ಮಾತ್ರ ಮನೆಯವರೆಲ್ಲರ ಕಿವಿಗೆ ಕಷ್ಟ. ಅದರ ಕೂಗನ್ನು ತಡೆಯಲಾರದೆ ಅಜ್ಜಿ ಪೆಟ್ಟಿಗೆಯೊಳಗೆ ಒಂದು ಸಣ್ಣ ಕನ್ನಡಿಯನ್ನಿಟ್ಟರು. ಮರಿ ಕನ್ನಡಿಯನ್ನು ದಿಟ್ಟಿಸಿತು, ಒಮ್ಮೆ ಕುಕ್ಕಿತು, ಆಮೇಲೆ ಅದಕ್ಕೆ ಒರಗಿಕೊಂಡು ನಿದ್ದೆಹೋಯಿತು. ಅಜ್ಜಿ ಅದನ್ನೇ ನೋಡುತ್ತಿದ್ದು, "ಬಾತಿಗೆ ಬಾತೇ ಬೇಕು ಕಣಮ್ಮ. ನಾವು ಎಷ್ಟು ಮುದ್ದು ಮಾಡಿದರೂ ಅದಕ್ಕೆ ಇದು ಪರಸ್ಥಳವೇ" ಎಂದರು. ಹುಡುಗಿ ಉತ್ತರ ಕೊಡಲಿಲ್ಲ.

ಅಜ್ಜಿ ಅನುಭವದಿಂದ ಹೇಳಿದ ಮಾತನ್ನು ವಿಜ್ಞಾನಿಗಳು ಪ್ರಯೋಗಗಳಿಂದ ವಿವರಿಸಿದ್ದಾರೆ. ಆಸ್ಟ್ರಿಯಾ ದೇಶದ ಕೊನ್ರಾಡ್ ಲೊರೆಂಜ್ ಎಂಬ ವಿಜ್ಞಾನಿ ಹೆಬ್ಬಾತಿನ ಮರಿಗಳು ಮೊಟ್ಟೆಯೊಡೆದು ಬಂದ ಮೊದಲ ಹೊತ್ತಿನಲ್ಲಿ ತಮ್ಮೆದುರು ಚಲಿಸುವುದನ್ನೇ ತಾಯಿಯೆಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತವೆಂದು ತೋರಿಸಿದರು. ಅವರನ್ನೇ ಮೊದಲು ಕಂಡ ಮರಿಗಳು ಅವರ ಹಿಂದೆಯೇ ಸಾಲಾಗಿ ನಡೆದವು. ಪ್ರಾಣಿಗಳ ನಡವಳಿಕೆಯನ್ನು ಕುರಿತ ಅಧ್ಯಯನಕ್ಕಾಗಿ 1973ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ಇನ್ನೂ ಹಿಂದಕ್ಕೆ ಹೋಗಿ, ಬಾತಿನ ಮರಿ ಮೊಟ್ಟೆಯೊಳಗಿರುವಾಗಲೇ ತನ್ನ ಮತ್ತು ಒಡಹುಟ್ಟಿದವರ ಸಣ್ಣ ದನಿಗಳನ್ನು ಕೇಳುತ್ತದೆಂದೂ ಹುಟ್ಟಿದ ಮೇಲೆ ತನ್ನ ಜಾತಿಯ ತಾಯಿಯ ಕರೆಯನ್ನು ಗುರುತಿಸಲು ಆ ಕೇಳ್ಮೆ ನೆರವಾಗುತ್ತದೆಂದೂ ಕಂಡುಕೊಂಡರು. ಬೆಳಕನ್ನು ಕಾಣುವ ಮೊದಲೇ ಬಳಗದ ದನಿಯನ್ನು ಕೇಳಿದ ಜೀವ ಬಳಗಕ್ಕಾಗಿ ಹಂಬಲಿಸುವುದರಲ್ಲಿ ಆಶ್ಚರ್ಯವೇನು? ಮನುಷ್ಯರ ನಡುವೆಯೇ ಒಂಟಿಯಾಗಿ ಬೆಳೆದ ಬಾತು ಮುಂದೆ ಬಾತುಗಳ ರೀತಿ ನೀತಿಗಳನ್ನು ಅರಿಯದೆ ಎರಡೂ ಕಡೆಗೆ ಪರಕೀಯವಾಗಿ ಉಳಿಯಬಹುದು.

"ಕುಕ್ಕರಹಳ್ಳಿ ಕೆರೆಗೆ ಬಿಟ್ಟರಾಯಿತು" ಎಂದು ಬೀದಿಯ ಒಬ್ಬರು ಸಲಹೆ ಕೊಟ್ಟರು. ಆ ಕೆರೆಯಲ್ಲಿ ಕಾಡಿನ ಬಾತುಗಳು ಇರುವುದು ನಿಜ. ಕೊಕ್ಕಿನ ತುದಿಯಲ್ಲಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆಯುಳ್ಳ ಚುಕ್ಕೆಕೊಕ್ಕಿನ ಬಾತು ನಮ್ಮ ಕೆರೆಗಳ ಸ್ವಂತ ನಿವಾಸಿ. ಅದರ ಮರಿ ದಾರಿ ತಪ್ಪಿ ಸಿಕ್ಕಿದ್ದರೆ ತಾಯಿ ಹತ್ತಿರದಲ್ಲಿರುವುದೋ ಎಂದು ದೂರದಿಂದ ಕಾದು ನೋಡಬೇಕು. ಬಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಡಿನ ಹಕ್ಕಿಯನ್ನು ಮನೆಯಲ್ಲಿ ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಒಪ್ಪುವುದಿಲ್ಲ. ಆದರೆ ಕೆಂಪಿ ಸಾಕುಬಾತು. ಮೈ ತೂಕ ಹೆಚ್ಚು, ಹಾರುವ ಶಕ್ತಿ ಕಡಿಮೆ. ನಾಯಿಗೆ ಹೆದರಿ ಮೇಲೇಳಲಾರದ ಹಕ್ಕಿಯನ್ನು ಕೆರೆಗೆ ಬಿಡುವುದು ಬಿಡುಗಡೆಯಲ್ಲ, ಕೈತೊಳೆದುಕೊಳ್ಳುವುದು. ಮೇಲಾಗಿ ಸಾಕುಬಾತುಗಳು ಕಾಡಿನ ಬಾತುಗಳೊಡನೆ ಕೂಡಿ ಅವುಗಳ ತಳಿಯನ್ನು ಕಲಬೆರಕೆ ಮಾಡುವುದೂ ಉಂಟು.

ಕೊನೆಗೆ ಊರಿನ ಹೊರಗೆ, ಬೆಟ್ಟದ ತಪ್ಪಲಿನ ಆಚೆ ಇದ್ದ ಒಂದು ಪ್ರಾಣಿಪಾಲನಾ ಕೇಂದ್ರಕ್ಕೆ ಮರಿಯನ್ನು ಒಪ್ಪಿಸುವುದೆಂದು ನಿಶ್ಚಯವಾಯಿತು. ಗಾಯಗೊಂಡ ದನಗಳು, ಕಣ್ಣಿಲ್ಲದ ಒಂದು ಕುದುರೆ, ಮುದಿಯಾದ ನಾಯಿಗಳು ಅಲ್ಲಿ ಆಶ್ರಯ ಪಡೆದಿದ್ದವು. ಒಂದು ಕೊಳದ ಸುತ್ತ ಇಪ್ಪತ್ತರಷ್ಟು ಬಾತುಗಳೂ ಇದ್ದವು. ಅವುಗಳಲ್ಲಿ ಕೆಲವು ಖಾಕಿ ಕ್ಯಾಂಪ್‌ಬೆಲ್ ಎಂಬ ತಳಿಯವು. ವರ್ಷಕ್ಕೆ 300ರವರೆಗೆ ಮೊಟ್ಟೆಯಿಡಬಲ್ಲ ತಳಿ ಅದು. ಮೊಟ್ಟೆ ಕಡಿಮೆಯಾದೊಡನೆ ಅವುಗಳ ಬೆಲೆಯೂ ಮುಗಿಯುತ್ತದೆ. ಹಾಗೆ ಬೆಲೆ ಮುಗಿದವು, ಯಾರದೋ ಹಿತ್ತಲಿನಿಂದ ಹೊರಬಿದ್ದವು, ಕಾಲು ಮುರಿದವು, ಎಲ್ಲವೂ ಸೇರಿ ಅಲ್ಲಿ ಒಂದು ಬಳಗವಾಗಿದ್ದವು.

ನಾವು ಗೇಟಿನೊಳಗೆ ಕಾಲಿಟ್ಟೊಡನೆ ಬಾತುಗಳೆಲ್ಲ ಓಡಿ ಬಂದು ಕೆಂಪಿಯನ್ನು ಎದುರುಗೊಳ್ಳುವುವೆಂದು ಹುಡುಗಿ ಭಾವಿಸಿದ್ದಳು. ಅಲ್ಲಿಯ ಮೇಲ್ವಿಚಾರಕಿ ಮರಿಯನ್ನು ಕೈಗೆ ತೆಗೆದುಕೊಂಡು ಅದರ ಕಣ್ಣು, ಮೂಗು, ಪಾದಗಳನ್ನು ಪರೀಕ್ಷಿಸಿ, ಕೊಳದಿಂದ ದೂರವಿದ್ದ ಒಂದು ಕೊಠಡಿಗೆ ಒಯ್ದರು. "ಮೂರು ವಾರ ಇಲ್ಲಿಯೇ ಇರಲಿ, ಪುಟ್ಟಿ. ಹೊಸದಾಗಿ ಬಂದವರಿಂದ ಹಳಬರಿಗೆ ರೋಗ ಹತ್ತಬಾರದು. ಹಳಬರಿಂದ ಇದಕ್ಕೂ ಹತ್ತಬಾರದು" ಎಂದರು. ಈ ಎಚ್ಚರಿಕೆಗೆ ಮೈಸೂರಿನಲ್ಲಿ ವಿಶೇಷ ಕಾರಣವಿದೆ. 1892ರಲ್ಲಿ ಸ್ಥಾಪನೆಯಾದ ನಮ್ಮ ಪ್ರಸಿದ್ಧ ಮೃಗಾಲಯವನ್ನು 2017ರ ಜನವರಿಯಲ್ಲಿ ಹಕ್ಕಿಜ್ವರದ ಕಾರಣದಿಂದ ಸುಮಾರು ಒಂದು ತಿಂಗಳು ಮುಚ್ಚಬೇಕಾಗಿತ್ತು. 2020ರ ಮಾರ್ಚ್ ತಿಂಗಳಲ್ಲಿ ನಗರದ ಕುಂಬಾರಕೊಪ್ಪಲಿನಲ್ಲಿ ಅದೇ ಜ್ವರ ಕಾಣಿಸಿಕೊಂಡು, ಸುತ್ತಲಿನ ಸಾಕುಕೋಳಿಗಳನ್ನೆಲ್ಲ ಕೊಲ್ಲಬೇಕಾಗಿ ಬಂದಿತ್ತು. ಬಾತು ಮೇಲುನೋಟಕ್ಕೆ ಆರೋಗ್ಯವಾಗಿದ್ದುಕೊಂಡೇ ಆ ರೋಗವನ್ನು ಹೊತ್ತು ತಿರುಗಬಲ್ಲದು.

ಮೂರು ವಾರಗಳಲ್ಲಿ ಕೆಂಪಿಯ ರೂಪವೇ ಬದಲಾಯಿತು. ತುಪ್ಪಳ ಉದುರಿ ಗರಿ ಮೂಡಿದಂತೆ ಗುಲಾಬಿಯ ಬಣ್ಣ ಮೊದಲು ತೇಪೆತೇಪೆಯಾಗಿ ಉಳಿದು ಆಮೇಲೆ ಪೂರ್ತಿಯಾಗಿ ಮಾಯವಾಯಿತು. ಒಳಗಿನಿಂದ ಬಂದದ್ದು ಹಾಲಿನಂಥ ಬಿಳುಪು. ಹೆಸರು ಮಾತ್ರ ಕೆಂಪಿಯೆಂದೇ ನಿಂತಿತು.

ಎರಡನೆಯ ಹಂತ ಪ್ರಾರಂಭವಾದದ್ದು ಆಗ. ಬಾತುಗಳ ಅಂಗಳದ ಒಂದು ಮೂಲೆಯಲ್ಲಿ ತಂತಿಬಲೆಯನ್ನು ಕಟ್ಟಿ ಕೆಂಪಿಯನ್ನು ಅದರ ಹಿಂದೆ ಬಿಟ್ಟರು. ಎರಡು ಕಡೆಯವರೂ ಪರಸ್ಪರ ನೋಡಬಹುದು, ದನಿ ಕೇಳಬಹುದು, ಆದರೆ ಕುಕ್ಕಲಾಗದು. ಮೊದಲ ದಿನ ದೊಡ್ಡ ಬಾತುಗಳು ಕತ್ತು ಚಾಚಿಕೊಂಡು ಬಲೆಯ ಬಳಿಗೆ ಬಂದು ಗದ್ದಲ ಮಾಡಿದವು. ಎರಡನೆಯ ದಿನ ಗದ್ದಲ ಕಡಿಮೆಯಾಯಿತು. ಒಂದು ವಾರದ ಕೊನೆಯಲ್ಲಿ ಬಲೆಯ ಈ ಪಕ್ಕ ಕೆಂಪಿಯೂ ಆ ಪಕ್ಕ ಕಾಲು ಕುಂಟಾದ ಒಂದು ಖಾಕಿ ಬಾತೂ ಒಂದೇ ಸಮಯಕ್ಕೆ ಮಲಗಿ ಒಂದೇ ಸಮಯಕ್ಕೆ ಏಳುತ್ತಿದ್ದವು.

ಬಲೆಯನ್ನು ತೆಗೆದ ದಿನ ನಾವೂ ಹೋಗಿದ್ದೆವು. ಅಂದು ಕೊಳದ ದಂಡೆಯಲ್ಲಿ ಒಂದರ ಬದಲು ಮೂರು ಕಡೆ ಆಹಾರದ ಪಾತ್ರೆಗಳನ್ನಿಟ್ಟಿದ್ದರು. ಬಲಿಷ್ಠರು ಒಂದನ್ನು ಆಕ್ರಮಿಸಿದರೂ ಬಡವನಿಗೆ ಇನ್ನೊಂದು ಇರಲಿ ಎಂಬ ಯೋಜನೆ. ಕೆಂಪಿ ನಾಲ್ಕು ಹೆಜ್ಜೆ ಇಟ್ಟಿತೋ ಇಲ್ಲವೋ, ಒಂದು ದೊಡ್ಡ ಹೆಣ್ಣುಬಾತು ಬಂದು ಅದರ ಬೆನ್ನಿನ ಗರಿಯನ್ನು ಕಚ್ಚಿ ಎಳೆಯಿತು. ಇನ್ನೊಂದು ಅಟ್ಟಿಸಿಕೊಂಡು ಹೋಯಿತು. ಕೆಂಪಿ ಓಡಿ ಹುಡುಗಿಯ ಪಾದದ ಬಳಿ ಬಂದು ನಿಂತಿತು. ಹುಡುಗಿಯ ಕಣ್ಣು ತುಂಬಿ ಬಂತು. ಅದನ್ನು ಎತ್ತಿಕೊಳ್ಳಲು ಬಗ್ಗಿದವಳನ್ನು ಮೇಲ್ವಿಚಾರಕಿ ಮೆಲ್ಲನೆ ತಡೆದರು.

"ಯಾಕೆ ಕುಕ್ಕುತ್ತವೆ? ಅದು ಏನು ಮಾಡಿದೆ ಅವಕ್ಕೆ?" ಎಂದು ಹುಡುಗಿ ಕೇಳಿದಳು. ಅವಳ ದನಿಯಲ್ಲಿದ್ದ ಕಾವು ಬಾತುಗಳನ್ನಷ್ಟೇ ಕುರಿತದ್ದಲ್ಲವೆಂದು ನನಗೆ ತೋರಿತು.

"ಏನೂ ಮಾಡಿಲ್ಲ, ಪುಟ್ಟಿ. ಇದು ಯಾರು, ಎಲ್ಲಿ ನಿಲ್ಲಬೇಕು ಅಂತ ಅವಕ್ಕಿನ್ನೂ ಗೊತ್ತಿಲ್ಲ, ಅಷ್ಟೆ. ರಕ್ತ ಬಂದರೆ, ನೀರಿನಲ್ಲಿ ಹಿಡಿದು ಅದುಮಿದರೆ ನಾನು ತಕ್ಷಣ ಬಿಡಿಸುತ್ತೇನೆ. ಒಂದೆರಡು ಗರಿ ಹೋಗುವುದಕ್ಕೆಲ್ಲ ನಾವು ನಡುವೆ ಬಂದರೆ ಇದು ಎಂದಿಗೂ ನಮ್ಮ ಕಾಲಿನ ಬಳಿಯೇ ಉಳಿಯುತ್ತದೆ" ಎಂದು ಅವರು ಹೇಳಿದರು.

ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸ ಕೋಳಿಗಳ ಹಿಂಡನ್ನು ವರ್ಷಗಟ್ಟಲೆ ಗಮನಿಸಿ, ಅಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೂ ಒಂದು ಕ್ರಮವಿರುವುದನ್ನು 1921ರ ಸುಮಾರಿಗೆ ವಿವರಿಸಿದ. ಬಾತುಗಳ ಹಿಂಡಿನಲ್ಲಿಯೂ ಇಂತಹ ಮೇಲುಕೀಳಿನ ಏರ್ಪಾಡು ಉಂಟು. ಹೊಸದೊಂದು ಹಕ್ಕಿ ಬಂದರೆ ಆ ಕ್ರಮ ಕದಡುತ್ತದೆ. ಹೊಸ ಸ್ಥಾನಗಳು ಗೊತ್ತಾಗುವವರೆಗೆ ಕಾದಾಟ ತಪ್ಪಿದ್ದಲ್ಲ. ಗೊತ್ತಾದ ಮೇಲೆ ಕಾದಾಟಕ್ಕೆ ಕಾರಣವೂ ಇರುವುದಿಲ್ಲ. ಒಂದು ಕೂಟ ಹೊಸಬರನ್ನು ಕಂಡು ಕೆರಳುವುದಕ್ಕೆ ದ್ವೇಷವೇ ಕಾರಣವಾಗಿರಬೇಕಿಲ್ಲ. ಎಷ್ಟೋ ವೇಳೆ ಅದು ತನ್ನ ಜಾಗವೆಲ್ಲಿ ಹೋಗುವುದೋ ಎಂಬ ಹಳಬರ ಅಳುಕು. ಇದನ್ನು ತಿಳಿದ ಮಾತ್ರಕ್ಕೆ ಕುಕ್ಕಿಸಿಕೊಂಡವರ ನೋವು ಕಡಿಮೆಯಾಗುವುದಿಲ್ಲ. ಆದರೆ ಅದು ಕೊನೆಯಿಲ್ಲದ ನೋವಲ್ಲವೆಂದು ಧೈರ್ಯ ತಾಳಬಹುದು.

ಅಂದು ಸುಮಾರು ಒಂದು ಗಂಟೆಯ ಕಾಲ ನಾವು ಬೇಲಿಯ ಹೊರಗೆ ಕುಳಿತಿದ್ದೆವು. ಅಟ್ಟಿದವು, ಓಡಿತು, ಮತ್ತೆ ಬಂತು, ಮತ್ತೆ ಅಟ್ಟಿದವು. ಸೋತು ಸುಣ್ಣವಾದ ಕೆಂಪಿ ಮೂರನೆಯ ಪಾತ್ರೆಯ ಬಳಿಗೆ ಹೋಯಿತು. ಅಲ್ಲಿ ಆ ಕುಂಟು ಬಾತು ಒಂದೇ ಮೇಯುತ್ತಿತ್ತು. ಅದು ತಲೆಯೆತ್ತಿ ನೋಡಿತು, ಕುಕ್ಕಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಅದು ಸರಿಯಲೂ ಇಲ್ಲ. ತನ್ನ ಪಾಡಿಗೆ ತಾನು ಮೇಯುವುದನ್ನು ಮುಂದುವರಿಸಿತು. ಕೆಂಪಿ ಪಾತ್ರೆಯ ಇನ್ನೊಂದು ಅಂಚಿಗೆ ಕೊಕ್ಕನ್ನು ಇಳಿಸಿತು. ಮೇಲ್ವಿಚಾರಕಿ ಸಮಾಧಾನದ ಉಸಿರು ಬಿಟ್ಟು, "ಒಂದು ಸಿಕ್ಕಿತಲ್ಲ, ಸಾಕು. ಇನ್ನು ಉಳಿದವು ತಾವಾಗಿ ಬರುತ್ತವೆ" ಎಂದರು.

ಸ್ವಾಗತವೆಂದರೆ ನಮಗೆ ತೋರಣ, ಹಾರ, ಭಾಷಣಗಳು ನೆನಪಿಗೆ ಬರುತ್ತವೆ. ಬಾತುಗಳ ಲೋಕದಲ್ಲಿ ಅವು ಯಾವುವೂ ಇಲ್ಲ. ಹೊಸ ಹಕ್ಕಿ ಬಂದಾಗ ಎಲ್ಲವೂ ತಿರುಗಿ ನೋಡುತ್ತವೆ. ದಿನ ಕಳೆದಂತೆ ತಿರುಗಿ ನೋಡುವವು ಕಡಿಮೆಯಾಗುತ್ತವೆ. ಒಂದು ದಿನ ಅದು ನಡುವೆ ನಡೆದುಹೋದರೂ ಯಾವುದೂ ತಲೆಯೆತ್ತುವುದಿಲ್ಲ. ಆ ದಿನ ಅದು ಬಳಗದ್ದಾಯಿತು ಎಂದು ತಿಳಿಯಬೇಕು. ಇಂತಹ ದಿನಕ್ಕೆ ತಾರೀಖು ಇರುವುದಿಲ್ಲ. ಯಾರೂ ಅದನ್ನು ಆಚರಿಸುವುದೂ ಇಲ್ಲ. ಆದರೆ ಆ ದಿನ ಬರಬೇಕಾದರೆ ಮೊದಲು ಒಬ್ಬರಾದರೂ ಕುಕ್ಕದೆ ಪಕ್ಕದಲ್ಲಿ ಉಣ್ಣಲು ಬಿಡಬೇಕು. ನಿಮ್ಮ ತರಗತಿಗೂ ಆಗಾಗ ನಡುವರ್ಷದಲ್ಲಿ ಒಬ್ಬ ಹೊಸಬನೋ ಹೊಸಬಳೋ ಬಂದು ಬಾಗಿಲಲ್ಲಿ ನಿಲ್ಲಬಹುದು. ದೊಡ್ಡ ಉಪಕಾರವೇನೂ ಬೇಕಾಗುವುದಿಲ್ಲ. ಬೆಂಚಿನಲ್ಲಿ ಒಂದು ಗೇಣು ಜಾಗ, ಊಟದ ಹೊತ್ತಿನಲ್ಲಿ ಎದುರಿಗೆ ಒಂದು ಡಬ್ಬಿ ತೆರೆದುಕೊಂಡಿದ್ದರೆ ಸಾಕು.

ದಸರಾ ರಜೆಯಲ್ಲಿ ನಾವು ಮತ್ತೆ ಅಲ್ಲಿಗೆ ಹೋದೆವು. ಹುಡುಗಿಯ ಜೊತೆಗೆ ಅವಳ ತರಗತಿಯ ಇನ್ನೊಬ್ಬ ಹುಡುಗಿಯೂ ಇದ್ದಳು. ಆಟೋರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವರಿಬ್ಬರ ಮಾತು ನಿಲ್ಲಲಿಲ್ಲ. ಕೊಳದಲ್ಲಿ ಐದಾರು ಬಿಳಿಯ ಬಾತುಗಳು ತೇಲುತ್ತಿದ್ದವು. ಯಾವುದು ಕೆಂಪಿ ಎಂಬುದು ನನಗೆ ತಿಳಿಯಲಿಲ್ಲ; ಹುಡುಗಿಗೆ ತಿಳಿಯಿತು. ಗಂಡುಬಾತಿನ ದನಿ ಒಡಕಾಗಿ ಮೆಲ್ಲಗಿರುತ್ತದೆ. ಗಟ್ಟಿಯಾಗಿ ಕೂಗುವುದು ಹೆಣ್ಣೇ. ಕೊಳದ ನಡುವಿನಿಂದ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಬಾತು ನಮ್ಮದಾಗಿತ್ತು.

"ಕೆಂಪೀ" ಎಂದು ಹುಡುಗಿ ಕರೆದಳು. ಅದು ಒಮ್ಮೆ ಕತ್ತು ತಿರುಗಿಸಿತು. ಅಷ್ಟರಲ್ಲಿ ಮುಂದಿದ್ದ ಕುಂಟು ಬಾತು ದಡಕ್ಕೆ ಏರತೊಡಗಿತು. ಉಳಿದವೂ ಒಂದರ ಹಿಂದೆ ಒಂದಾಗಿ ಹೊರಟವು. ಕೆಂಪಿ ಸಾಲಿನಲ್ಲಿ ತನ್ನ ಜಾಗವನ್ನು ತಪ್ಪಿಸಿಕೊಳ್ಳದೆ ಅವುಗಳ ಜೊತೆಯಲ್ಲಿಯೇ ನಡೆದುಹೋಯಿತು.

ಹುಡುಗಿಗೆ ಬೇಸರವಾಗಿರಬಹುದೆಂದು ನಾನು ಅವಳ ಮುಖವನ್ನು ನೋಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ ಮಾಮ, ಅದಕ್ಕೆ ಈಗ ಕೆಲಸವಿದೆ" ಎಂದಳು. ಆಮೇಲೆ ಗೆಳತಿಯ ಕೈ ಹಿಡಿದುಕೊಂಡು ಕುರುಡು ಕುದುರೆಯನ್ನು ತೋರಿಸಲು ಓಡಿದಳು.